ಪುತ್ತೂರು ಮೂಲಬಿಂದುವಾದರೆ

ಗ್ರಾಫ್ ಕಾಗದವೆಂದೊಡನೆ, ಅದು ವಿಜ್ಞಾನದವರ ಸೊತ್ತು, ನಮಗೇಕೆ ಎಂದು ಕಲಾ ವಿಭಾಗದ ಮಿತ್ರರು ಪುಟ ಮಗುಚುವುದುಂಟು. ಆದರೆ ಅರ್ಥಶಾಸ್ತ್ರದ ಬೇಡಿಕೆಯ ರೇಖೆಯೂ ಭೂಗೋಳದ ನಕಾಶೆಯೂ ಅದೇ ಚೌಕುಳಿಯ ಮೇಲೆ ನಿಂತಿವೆಯಷ್ಟೆ. ಆದುದರಿಂದ ನಾವೆಲ್ಲ ಬಲ್ಲ ಊರುಗಳನ್ನೇ ಬಿಂದುಗಳನ್ನಾಗಿ ಮಾಡಿಕೊಂಡು ಈ ವಿಷಯವನ್ನು ವಿವರಿಸಲು ಯತ್ನಿಸುತ್ತೇನೆ.

ಹಾಳೆಯ ನಡುವೆ ಒಂದು ಅಡ್ಡಗೆರೆ, ಅದನ್ನು ಲಂಬವಾಗಿ ಕಡಿಯುವ ಇನ್ನೊಂದು ಗೆರೆ ಎಳೆಯಿರಿ. ಅಡ್ಡಗೆರೆ ಎಕ್ಸ್-ಅಕ್ಷ, ನಿಂತ ಗೆರೆ ವೈ-ಅಕ್ಷ. ಅವು ಸಂಧಿಸುವಲ್ಲಿ ಪುತ್ತೂರನ್ನು ಇಡೋಣ. ಇದೇ ಮೂಲಬಿಂದು, ಇದರ ನಿರ್ದೇಶಾಂಕಗಳು (0, 0). ಪೂರ್ವಕ್ಕೂ ಉತ್ತರಕ್ಕೂ ಸರಿದ ದೂರ ಧನ. ಪಶ್ಚಿಮಕ್ಕೂ ದಕ್ಷಿಣಕ್ಕೂ ಸರಿದದ್ದು ಋಣ. ಒಂದು ಮನೆಗೆ ಒಂದು ಕಿಲೋಮೀಟರು.

ಪುತ್ತೂರು ಸುಮಾರು 12 ಡಿಗ್ರಿ 46 ಮಿನಿಟು ಉತ್ತರ ಅಕ್ಷಾಂಶ, 75 ಡಿಗ್ರಿ 12 ಮಿನಿಟು ಪೂರ್ವ ರೇಖಾಂಶದಲ್ಲಿದೆ. ಸುಳ್ಯವು ಅದಕ್ಕಿಂತ 11 ಮಿನಿಟು ಪೂರ್ವಕ್ಕೆ, 12 ಮಿನಿಟು ದಕ್ಷಿಣಕ್ಕೆ. ನಮ್ಮ ಸೀಮೆಯಲ್ಲಿ ರೇಖಾಂಶದ ಒಂದು ಮಿನಿಟಿಗೆ ಸುಮಾರು 1.8, ಅಕ್ಷಾಂಶದ ಒಂದು ಮಿನಿಟಿಗೆ ಸುಮಾರು 1.85 ಕಿಲೋಮೀಟರು. ಗುಣಿಸಿ ನೋಡಿದರೆ ಸುಳ್ಯ (20, −22). ಎಂದರೆ ಪುತ್ತೂರಿನಿಂದ ನೇರ ಪೂರ್ವಕ್ಕೆ 20 ಕಿಲೋಮೀಟರು ನಡೆದು, ಅಲ್ಲಿಂದ ದಕ್ಷಿಣಕ್ಕೆ 22 ನಡೆದರೆ ಸುಳ್ಯ ಸೇರಬಹುದು. ಹೊಳೆ, ಗುಡ್ಡ, ಅಡಕೆ ತೋಟಗಳು ದಾರಿ ಬಿಟ್ಟರೆ! ಇದೇ ಲೆಕ್ಕದಲ್ಲಿ ಕಡಬ (29, −4). ಕಡಬಕ್ಕೆ ಹೋಗುವ ಬಸ್ಸು ಎಷ್ಟು ತಿರುಗಿದರೂ ಆ ಊರಿರುವುದು ಪುತ್ತೂರಿಗೆ ಬಹುಮಟ್ಟಿಗೆ ನೇರ ಪೂರ್ವದಲ್ಲಿ.

ಎರಡು ಅಕ್ಷಗಳು ಹಾಳೆಯನ್ನು ನಾಲ್ಕು ಪಾದಗಳಾಗಿ ಒಡೆಯುತ್ತವೆ. ಉಪ್ಪಿನಂಗಡಿಗೆ ಎರಡೂ ಅಂಕಗಳು ಧನ, ಆದುದರಿಂದ ಮೊದಲನೆಯ ಪಾದ. ಮಂಗಳೂರು (−40, 11) ಎರಡನೆಯದರಲ್ಲಿ; ಗಡಿಯಾಚೆಯ ಕಾಸರಗೋಡು (−23, −30) ಮೂರನೆಯದರಲ್ಲಿ; ಸುಳ್ಯ, ಕಡಬಗಳು ನಾಲ್ಕನೆಯದರಲ್ಲಿ. ಪುತ್ತೂರು ಹೀಗೆ ನಾಲ್ಕು ಪಾದಗಳಿಗೂ ಒಂದೊಂದು ಊರನ್ನು ಒದಗಿಸಿಕೊಡುವುದು ನಮ್ಮ ಸುದೈವವೇ ಸರಿ.

ಅಂಕಗಳ ಕ್ರಮದಲ್ಲಿ ಮಾತ್ರ ಉದಾಸೀನ ಕೂಡದು. ಕಡಬದ (29, −4) ಅನ್ನು (−4, 29) ಎಂದು ತಿರುವಿ ಬರೆದರೆ ನಾವು ಕಡಬದ ಬದಲು ವೇಣೂರಿನ ಗೊಮ್ಮಟನ ಆಸುಪಾಸಿನಲ್ಲಿ ನಿಂತಿರುತ್ತೇವೆ. ಇಲ್ಲಿ ಒಂದು ತೊಡಕುಂಟು. ಗಣಿತದವರು ಅಡ್ಡದೂರವನ್ನು ಮೊದಲು ಹೇಳುತ್ತಾರೆ. ಭೂಗೋಳದವರೂ ಇಂದಿನ ಮೊಬೈಲ್ ಫೋನಿನ ನಕಾಶೆಯೂ ಅಕ್ಷಾಂಶವನ್ನು, ಎಂದರೆ ಉತ್ತರ ದಕ್ಷಿಣದ ಅಂಕವನ್ನು, ಮೊದಲು ಹೇಳುತ್ತಾರೆ. ಅರ್ಥಶಾಸ್ತ್ರದವರಂತೂ ಬೇಡಿಕೆಗೆ ಕಾರಣವೆನಿಸುವ ಬೆಲೆಯನ್ನು, ಗಣಿತದ ರೂಢಿಗೆ ವಿರುದ್ಧವಾಗಿ, ನಿಂತ ಅಕ್ಷದ ಮೇಲೆ ಇಡುತ್ತಾರೆ; ಇದು ಮಾರ್ಷಲನ ಕಾಲದಿಂದ ಬಂದ ವಾಡಿಕೆ. ಯಾವ ಅಕ್ಷದಲ್ಲಿ ಏನಿದೆ ಎಂದು ಮೊದಲು ಓದದೆ ರೇಖೆಯನ್ನು ನೋಡುವುದು ವ್ಯರ್ಥವೆಂದೇ ನನ್ನ ಅಭಿಪ್ರಾಯ.

ನಿರ್ದೇಶಾಂಕಗಳು ತಿಳಿದರೆ ಅಳೆಯದೆಯೇ ದೂರ ಸಿಗುತ್ತದೆ. 20ರ ವರ್ಗ 400, 22ರ ವರ್ಗ 484. ಕೂಡಿ ವರ್ಗಮೂಲ ತೆಗೆದರೆ ಪುತ್ತೂರಿನಿಂದ ಸುಳ್ಯಕ್ಕೆ ನೇರ ದೂರ ಸುಮಾರು 30 ಕಿಲೋಮೀಟರು. ರಸ್ತೆ ಇದಕ್ಕಿಂತ ಉದ್ದವೆಂಬುದು ಪ್ರಯಾಣಿಕರಿಗೆಲ್ಲ ಗೊತ್ತು. ಲೆಕ್ಕದ ಈ ಬಲ ಸಣ್ಣದಲ್ಲ. 1802ರಲ್ಲಿ ಮದರಾಸಿನ ಬಳಿ ಆಧಾರರೇಖೆಯನ್ನು ಅಳೆದು ಹೊರಟ ಲ್ಯಾಂಬ್ಟನ್, ತ್ರಿಕೋನಗಳನ್ನು ಹೆಣೆಯುತ್ತ ಮಂಗಳೂರಿನ ಕರಾವಳಿಯನ್ನು ಮುಟ್ಟಿದಾಗ, ಹಿಂದಿನ ನಕಾಶೆಗಳು 400 ಮೈಲೆಂದು ತೋರಿಸಿದ್ದ ಅಗಲ 360 ಮೈಲಿಗೆ ಇಳಿಯಿತು.

ಸುಳ್ಯದ ಮಿತ್ರರು ಈಗ, ಪುತ್ತೂರೇ ಏಕೆ ಮೂಲಬಿಂದು ಎಂದು ಕೇಳಬಹುದು. ಕೇಳತಕ್ಕದ್ದೇ. ಅಕ್ಷಗಳನ್ನು ಸುಳ್ಯಕ್ಕೆ ಸರಿಸಿದರೆ ಪ್ರತಿಯೊಂದು ಅಂಕವೂ ಬದಲಾಗಿ, ಪುತ್ತೂರು (−20, 22) ಆಗುತ್ತದೆ. ಊರುಗಳು ಕದಲುವುದಿಲ್ಲ, ನಡುವಣ 30 ಕಿಲೋಮೀಟರೂ ಕದಲುವುದಿಲ್ಲ. ಪುತ್ತೂರು, ಸುಳ್ಯ ಎರಡೂ ತಾಲೂಕುಗಳಿಂದ ಗ್ರಾಮಗಳನ್ನು ಪಡೆದು ತಾಲೂಕಾದ ಕಡಬವು ಸುಳ್ಯದಿಂದ ನೋಡುವಾಗ (9, 18). ವರ್ಗ ಮಾಡಿ ಕೂಡಿ ನೋಡಿ: ನೇರ ದೂರ 20 ಕಿಲೋಮೀಟರು. ಪುತ್ತೂರಿನಿಂದಾದರೋ 29.