ದ್ರಾಕ್ಷಾಮದ್ಯದ ರುಚಿಯೂ ದ್ರಾಕ್ಷಿಯ ಬೇಸಾಯವೂ

ಒಂದು ಪದಾರ್ಥದ ರುಚಿಯನ್ನು ಕಂಡವರೆಲ್ಲರೂ ಆ ಪದಾರ್ಥವನ್ನು ಬಲ್ಲವರೆಂದು ಹೇಳಲಾಗುವುದಿಲ್ಲ. ದಿನಕ್ಕೆರಡಾವೃತ್ತಿ ಕಾಫಿಯನ್ನು ಸೇವಿಸುವವರು ಅಸಂಖ್ಯಾತರಿರುವರು. ಕಾಫಿಗಿಡವು ಯಾವ ಮಳೆಗೆ ಹೂ ಬಿಡುವುದೆಂಬುದನ್ನು ತಿಳಿದವರು ಅವರಲ್ಲಿ ಅತಿ ವಿರಳ. ದ್ರಾಕ್ಷಿಯ ರಸವನ್ನು ಹುಳಿಯಿಸಿ ತಯಾರಿಸುವ ವೈನಿನ ವಿಷಯದಲ್ಲಿ ಈ ಮಾತು ಮತ್ತಷ್ಟು ಸಲ್ಲುತ್ತದೆ. ವೈನನ್ನು ಮೆಚ್ಚಿದವನು ಅದರ ಮರ್ಮವನ್ನರಿಯಲು ಹೊರಟರೆ ಬಟ್ಟಲನ್ನು ಬಿಟ್ಟು ತೋಟಕ್ಕೆ ಹೋಗಬೇಕಾಗುವುದು. ಹಾಗೆ ಹೋದವರೊಬ್ಬರ ವೃತ್ತಾಂತವು ನಂದಿಬೆಟ್ಟದ ತಪ್ಪಲಿನಲ್ಲಿ ನಡೆದುದಾಗಿದ್ದು, ದ್ರಾಕ್ಷಿ ಬೆಳೆಯುವ ರೈತರು ಗಮನಿಸಲು ಯೋಗ್ಯವಾಗಿದೆ.

ಶ್ರೀ ಕನ್ವಲ್ ಗ್ರೋವರ್ ಅವರು ಉದ್ಯಮಿಗಳಾಗಿದ್ದರು. ಫ್ರಾನ್ಸ್ ದೇಶದೊಡನೆ ಅವರಿಗೆ ವ್ಯಾಪಾರಸಂಬಂಧವಿದ್ದುದರಿಂದ ಆಗಾಗ್ಗೆ ಅಲ್ಲಿಗೆ ಹೋಗಿಬರುತ್ತಿದ್ದು, ಅಲ್ಲಿಯ ವೈನಿನಲ್ಲಿ ಅವರಿಗೆ ಅಭಿರುಚಿ ಹುಟ್ಟಿತು. ಅಂತಹುದು ಭಾರತದ ಮಣ್ಣಿನಲ್ಲಿಯೂ ಏಕಾಗಬಾರದೆಂಬ ಪ್ರಶ್ನೆಯು ಅವರನ್ನು ಕಾಡತೊಡಗಿತು. ಶಾಂಪೇನ್ ಪ್ರಾಂತದ ಅನುಭವಶಾಲಿ ಜಾರ್ಜ್ ವೆಸೆಲ್ ಅವರ ನೆರವಿನಿಂದ ದೇಶದ ನಾನಾ ಸ್ಥಳಗಳನ್ನು ಪರಿಶೀಲಿಸಿ, ಫ್ರಾನ್ಸಿನ ಹಲವು ತಳಿಗಳನ್ನು ಪರೀಕ್ಷಿಸಿ, ಕೊನೆಗೆ ದೊಡ್ಡಬಳ್ಳಾಪುರದ ಬಳಿ ಸುಮಾರು ೯೦೦ ಮೀಟರು ಎತ್ತರದ ಭೂಮಿಯನ್ನು ಆರಿಸಿಕೊಂಡರು. ೧೯೮೮ರಲ್ಲಿ ಸಂಸ್ಥೆಯು ಸ್ಥಾಪಿತವಾಯಿತು. ೧೯೯೨ರಲ್ಲಿ ಮೊದಲ ವೈನು ಹೊರಬಂದಿತು. ಅದಾದ ಮೇಲೂ ಕಲಿಕೆ ನಿಲ್ಲಲಿಲ್ಲ. ಬೋರ್ಡೋ ಪ್ರಾಂತದ ಪ್ರಸಿದ್ಧ ತಜ್ಞರಾದ ಮಿಶೆಲ್ ರೋಲಾನ್ ಅವರ ಸಲಹೆಯನ್ನು ೧೯೯೦ರ ದಶಕದಲ್ಲಿಯೇ ಪಡೆಯಲಾಯಿತು.

ಇಷ್ಟು ಕಾಲ ಹಿಡಿಯಲು ಕಾರಣವೇನೆಂಬುದನ್ನು ನೋಡೋಣ. ಫ್ರಾನ್ಸಿನಲ್ಲಿ ಚಳಿಗಾಲ ಬಂದೊಡನೆ ಬಳ್ಳಿಯು ಎಲೆಯುದುರಿಸಿ ನಿದ್ರಿಸುವುದು. ವಸಂತದಲ್ಲಿ ಚಿಗುರಿ, ಶರತ್ಕಾಲದ ವೇಳೆಗೆ ಫಲ ಕೊಡುವುದು. ನಮ್ಮ ಸೀಮೆಯಲ್ಲಿ ಬಳ್ಳಿಗೆ ನಿದ್ರೆಯೇ ಇಲ್ಲ. ಆದಕಾರಣ ಚಳಿಯು ಮಾಡುವ ಕೆಲಸವನ್ನು ಇಲ್ಲಿ ಕತ್ತರಿಯು ಮಾಡಬೇಕು. ಬೇಸಿಗೆಯಲ್ಲಿ ಒಮ್ಮೆ ಸವರಿ ಕಡ್ಡಿಗಳನ್ನು ಬೆಳೆಸುವರು; ಮಳೆಗಾಲ ಕಳೆಯುತ್ತ ಬಂದಾಗ ಇನ್ನೊಮ್ಮೆ ಸವರಿ ಹಣ್ಣಿಗೆ ಬಿಡುವರು. ವಿಜಯಪುರದ ಕಡೆಯ ರೈತರು ಇದನ್ನೇ ಚಾಟಣಿ ಎನ್ನುವರು. ಹೀಗೆ ಮಾಡುವುದರಿಂದ ಹಣ್ಣು ಮಾಗುವ ಕಾಲವು ಒಣಹವೆಯ ತಿಂಗಳುಗಳಿಗೆ ಬೀಳುವುದು. ಹಗಲಿನ ಬಿಸಿಲು ಸಕ್ಕರೆಯನ್ನು ಹೆಚ್ಚಿಸುವುದು, ರಾತ್ರಿಯ ತಂಪು ಹುಳಿಯನ್ನು ಉಳಿಸುವುದು.

ಸಕ್ಕರೆ ಮತ್ತು ಹುಳಿಗಳ ಈ ತೂಕವೇ ವೈನಿನ ಜೀವಾಳ. ಹಣ್ಣಿನ ಸಕ್ಕರೆಯನ್ನು ಯೀಸ್ಟ್ ಎಂಬ ಸೂಕ್ಷ್ಮಜೀವಿಯು ಮದ್ಯಸಾರವಾಗಿ ಮಾರ್ಪಡಿಸುತ್ತದೆ. ಒಂದು ಲೀಟರು ರಸದಲ್ಲಿರುವ ಸುಮಾರು ೧೭ ಗ್ರಾಂ ಸಕ್ಕರೆಯಿಂದ ಶೇಕಡ ೧ರಷ್ಟು ಮದ್ಯಸಾರ ಹುಟ್ಟುವುದೆಂಬ ಲೆಕ್ಕವಿದೆ. ಎಂದರೆ ಶೇಕಡ ೧೨ರ ವೈನಿಗೆ ಲೀಟರಿಗೆ ೨೦೪ ಗ್ರಾಂ ಸಕ್ಕರೆ ಬೇಕು. ಬಳ್ಳಿಯಲ್ಲಿ ಮಿತಿಮೀರಿ ಗೊಂಚಲುಗಳನ್ನು ಬಿಟ್ಟರೆ ಈ ಮಟ್ಟ ಮುಟ್ಟುವುದು ಕಷ್ಟ. ಆದುದರಿಂದ ವೈನಿನ ತೋಟದಲ್ಲಿ ಇಳುವರಿಯನ್ನು ಬೇಕೆಂದೇ ಕಡಮೆ ಮಾಡುವರು. ಹೆಚ್ಚು ಇಳುವರಿಯನ್ನೇ ಸಾಧನೆಯೆಂದು ಎಣಿಸಿ ಬಂದ ಬೇಸಾಯಗಾರನಿಗೆ ಈ ಪಾಠವು ಎಲ್ಲಕ್ಕಿಂತ ಕಠಿನವಾದುದು.

ಇನ್ನು ರುಚಿಯ ವಿಚಾರ. ಕೆಂಪು ವೈನಿನಲ್ಲಿ ನಾಲಗೆಯನ್ನು ಹಿಡಿಯುವ ಗುಣಕ್ಕೆ ಕನ್ನಡದಲ್ಲಿ ಒಗರು ಎಂಬ ಸೊಗಸಾದ ಮಾತಿದೆ. ಎಳೆಯ ಅಡಿಕೆಯನ್ನೂ ನೇರಳೆಯ ಹಣ್ಣನ್ನೂ ತಿಂದವರೆಲ್ಲರಿಗೂ ಇದು ಗೊತ್ತು. ಈ ಒಗರೂ ಕೆಂಪು ಬಣ್ಣವೂ ಸಿಪ್ಪೆಯಿಂದ ಬರುವವು. ಒಗರಿನ ಒಂದು ಭಾಗವು ಬೀಜದ್ದು. ಕೆಂಪು ವೈನಿಗೆ ರಸವನ್ನು ಸಿಪ್ಪೆಯೊಡನೆಯೇ ಹುಳಿಯಲು ಬಿಡುವರು. ಬಿಳಿಯ ವೈನಿಗೆ ಮೊದಲೇ ಹಿಂಡಿ ಬೇರ್ಪಡಿಸುವರು. ಆದಕಾರಣ ಹಣ್ಣಿನ ಪರೀಕ್ಷೆಗೆ ವೈನನ್ನು ಕುಡಿಯಲೇಬೇಕೆಂದಿಲ್ಲ. ಹಣ್ಣನ್ನು ತಿಂದು, ಸಿಪ್ಪೆಯನ್ನು ಅಗಿದು, ಬೀಜವು ಹಸಿರುಬಣ್ಣ ಕಳೆದು ಕಂದಾಗಿದೆಯೇ ಎಂದು ನೋಡುವುದು ಎಲ್ಲ ದೇಶಗಳ ತೋಟಗಾರರ ರೂಢಿ. ಮದ್ಯವನ್ನು ಮುಟ್ಟದ ರೈತನೂ ಈ ವಿದ್ಯೆಯಲ್ಲಿ ನಿಪುಣನಾಗಬಹುದು.

ವೈನಿನ ತೋಟಗಳಿಂದ ಕನ್ನಡನಾಡಿಗೆ ಬಂದ ಉಪಕಾರವೊಂದನ್ನು ಇಲ್ಲಿ ನೆನೆಯಬೇಕು. ಬೋರ್ಡೋ ಸೀಮೆಯಲ್ಲಿ ದಾರಿಹೋಕರು ಹಣ್ಣನ್ನು ಕದಿಯದಿರಲೆಂದು ರಸ್ತೆಯಂಚಿನ ಬಳ್ಳಿಗಳಿಗೆ ಮೈಲುತುತ್ತವನ್ನೂ ಸುಣ್ಣವನ್ನೂ ಕಲಸಿ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಬೂಜುರೋಗ ತಗುಲದಿದ್ದುದನ್ನು ೧೮೮೨ರಲ್ಲಿ ಕಂಡ ಮಿಲಾರ್ಡೆ ಎಂಬ ವಿದ್ವಾಂಸನು ಪ್ರಯೋಗ ನಡೆಸಿ ೧೮೮೫ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು. ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರು ಅದೇ ದ್ರಾವಣವನ್ನು ಅಡಿಕೆಯ ಕೊಳೆರೋಗಕ್ಕೆ ಮದ್ದಾಗಿ ಬಳಕೆಗೆ ತಂದರು. ಮಲೆನಾಡಿನವರು ಇಂದಿಗೂ ಅದನ್ನು ಬೋರ್ಡೋ ಎಂದೇ ಕರೆಯುವರು.

ಆದರೆ ವೈನಿನ ತಳಿಗಳನ್ನು ನೆಡಲು ಇಚ್ಛಿಸುವವರು ಒಂದು ಅಪಾಯವನ್ನು ಚೆನ್ನಾಗಿ ಗ್ರಹಿಸತಕ್ಕದ್ದು. ಬೆಂಗಳೂರು ನೀಲಿ ದ್ರಾಕ್ಷಿಯನ್ನು ಸಂತೆಯಲ್ಲಿ ತಿನ್ನುವುದಕ್ಕೂ ಕೊಳ್ಳುವರು, ರಸಕ್ಕೂ ಕೊಳ್ಳುವರು. ೨೦೧೩ರಲ್ಲಿ ಭೌಗೋಳಿಕ ಗುರುತನ್ನು ಪಡೆದ ತಳಿ ಅದು. ಕ್ಯಾಬರ್ನೆ, ಶಿರಾಜ್ ಮೊದಲಾದ ತಳಿಗಳ ಹಣ್ಣು ಸಣ್ಣದು, ಸಿಪ್ಪೆ ದಪ್ಪ, ಬೀಜ ಬಹಳ. ವೈನು ಕಾರ್ಖಾನೆಯು ಕೊಳ್ಳದಿದ್ದರೆ ಅದಕ್ಕೆ ಬೇರೆ ಗಿರಾಕಿ ಸಿಕ್ಕುವುದು ದುರ್ಲಭ. ೨೦೦೮ರ ಜಾಗತಿಕ ಆರ್ಥಿಕ ಕುಸಿತದಿಂದಲೂ, ಅದೇ ವರ್ಷ ಮುಂಬಯಿಯಲ್ಲಿ ನಡೆದ ಉಗ್ರರ ದಾಳಿಯಿಂದಲೂ ವೈನಿನ ವ್ಯಾಪಾರ ಕುಗ್ಗಿದಾಗ, ಮಹಾರಾಷ್ಟ್ರದ ನಾಸಿಕದ ಕಡೆ ಅನೇಕ ಬೆಳೆಗಾರರ ಹಣ್ಣನ್ನು ಕೇಳುವವರಿಲ್ಲದೆ ಹೋಯಿತು. ಸಾಲ ಮಾಡಿ ನೆಟ್ಟ ಬಳ್ಳಿಗಳನ್ನು ತಾವೇ ಕಿತ್ತುಹಾಕಿದವರೂ ಉಂಟು. ಕರ್ನಾಟಕ ಸರ್ಕಾರವು ೨೦೦೭ರಲ್ಲಿ ದ್ರಾಕ್ಷಾ ಸಂಸ್ಕರಣೆ ಮತ್ತು ವೈನು ನೀತಿಯನ್ನು ಜಾರಿಗೆ ತಂದು ಈ ಉದ್ಯಮಕ್ಕೆ ಉತ್ತೇಜನವಿತ್ತಿರುವುದು ನಿಜ. ಆದರೂ ಯಾವ ನೀತಿಯೂ ಮಾರುಕಟ್ಟೆಗೆ ಹೊಣೆಯಾಗಲಾರದು.

ಆದುದರಿಂದ ಗುಂಡಿ ತೋಡುವುದಕ್ಕೆ ಮೊದಲೇ ಕೊಳ್ಳುವವರೊಡನೆ ಬರಹದ ಕರಾರನ್ನು ಮಾಡಿಕೊಳ್ಳತಕ್ಕದ್ದು. ತಳಿ, ಸಕ್ಕರೆಯ ಮಟ್ಟ, ಬೆಲೆ, ಹಣ ಸಲ್ಲಿಸುವ ಗಡುವು, ಹಣ್ಣನ್ನು ನಿರಾಕರಿಸಬಹುದಾದ ಸಂದರ್ಭಗಳು ಇವಿಷ್ಟೂ ಅದರಲ್ಲಿ ಸ್ಪಷ್ಟವಾಗಿರಬೇಕು. ಮೊದಲಿಗೆ ಇರುವ ಭೂಮಿಯ ಅಲ್ಪಭಾಗದಲ್ಲಿ ಮಾತ್ರ ನೆಟ್ಟು ನೋಡುವುದು ಕ್ಷೇಮ. ಮದ್ಯಪಾನದಲ್ಲಿ ನಿರಪಾಯವೆನ್ನಬಹುದಾದ ಪ್ರಮಾಣ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೩ರಲ್ಲಿ ಸಾರಿರುವುದನ್ನೂ ಮರೆಯಲಾಗದು. ಬೆಳೆಯುವವನಿಗೆ ಬೇಕಾದುದು ಹಣ್ಣಿನ ಜ್ಞಾನ. ಹಣವುಳ್ಳ ಉದ್ಯಮಿಯೂ ತಜ್ಞರನ್ನು ಕೂಡಿಕೊಂಡು ವರ್ಷಗಟ್ಟಲೆ ಕಲಿಯಬೇಕಾಗಿ ಬಂದ ವಿದ್ಯೆಯನ್ನು ಅಲ್ಪಬಂಡವಾಳದ ರೈತನು ಒಂದೇ ಫಸಲಿನಲ್ಲಿ ಕಲಿತುಬಿಡುವೆನೆಂದು ಹೊರಡುವುದು ವಿಹಿತವಲ್ಲ.