ಎರಡು ಕಿಟಕಿ, ಎರಡು ಬಾಗಿಲು: ಎರಡು ಅಮೆರಿಕನ್ ಸಣ್ಣಕಥೆಗಳ ಹೋಲಿಕೆ

ಅಭ್ಯಾಸ ಬೋಧನೆಯಲ್ಲಿ ನನ್ನ ವಿಷಯಗಳು ಗಣಿತ ಮತ್ತು ಭೌತವಿಜ್ಞಾನ. ಆದರೆ ‘ಪಠ್ಯಗಳ ಓದು ಮತ್ತು ಪ್ರತಿಫಲನ’ದ ಚಟುವಟಿಕೆಗಾಗಿ ಒಂಬತ್ತನೇ ತರಗತಿಯಲ್ಲಿ ಎರಡು ಸಣ್ಣಕಥೆಗಳನ್ನು ಹೋಲಿಸಿ ಪಾಠ ಮಾಡಬೇಕಾಯಿತು. ಓ. ಹೆನ್ರಿಯ ‘ದಿ ಗಿಫ್ಟ್ ಆಫ್ ದ ಮೇಜೈ’ (1905) ಮತ್ತು ಕೇಟ್ ಶೋಪ್ಯಾನ್ ಅವರ ‘ದಿ ಸ್ಟೋರಿ ಆಫ್ ಆ್ಯನ್ ಅವರ್’ (1894) ಆರಿಸಿಕೊಂಡೆ. ಕಥೆಗಳನ್ನು ಕನ್ನಡದಲ್ಲಿ ಹೇಳಿ, ಮುಖ್ಯ ಭಾಗಗಳನ್ನು ಇಂಗ್ಲಿಷಿನಲ್ಲಿ ಓದಿಸಿ, ಕಪ್ಪುಹಲಗೆಯ ಮೇಲೆ ಕಥಾವಸ್ತು, ಪಾತ್ರ, ದೇಶಕಾಲ, ನಿರೂಪಣೆ, ವ್ಯಂಗ್ಯ, ಆಶಯ ಎಂದು ಆರು ಸಾಲಿನ ಕೋಷ್ಟಕ ಹಾಕಿದೆ. ಮಕ್ಕಳು ಹತ್ತೇ ನಿಮಿಷದಲ್ಲಿ ತುಂಬಿಸಿಬಿಟ್ಟರು. ವ್ಯಂಗ್ಯದ ಸಾಲಿನಲ್ಲಿ ಎರಡೂ ಕಡೆ ‘ಇದೆ’ ಎಂದು ಬರೆದಿದ್ದರು. ಮಾರ್ಗದರ್ಶಕ ಶಿಕ್ಷಕರು ನನ್ನ ವೀಕ್ಷಣಾ ಪುಸ್ತಕದಲ್ಲಿ ಒಂದೇ ಪ್ರಶ್ನೆ ಬರೆದರು: “ಎರಡರಲ್ಲೂ ಇರುವುದು ಒಂದೇ ವ್ಯಂಗ್ಯವೇ?” ನನ್ನಲ್ಲಿ ಉತ್ತರವಿರಲಿಲ್ಲ. ಮರುವಾರದ ಪಾಠಕ್ಕೆ ಕಥೆಗಳನ್ನು ಮತ್ತೆ ಓದಿದಾಗ ಸಿಕ್ಕಿದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲನೆಯದು ಎಲ್ಲರಿಗೂ ಗೊತ್ತಿರುವ ಕಥೆ. ಕ್ರಿಸ್‌ಮಸ್ ಹಿಂದಿನ ದಿನ ಡೆಲ್ಲಾಳ ಕೈಯಲ್ಲಿರುವುದು 1 ಡಾಲರ್ 87 ಸೆಂಟ್. ಗಂಡ ಜಿಮ್‌ನ ಗಡಿಯಾರಕ್ಕೆ ಸರಪಳಿ ತರಲು ತನ್ನ ಉದ್ದ ಕೂದಲನ್ನು 20 ಡಾಲರಿಗೆ ಮಾರುತ್ತಾಳೆ. ಅವನೋ ಅವಳ ಕೂದಲಿಗೆಂದು ಬಾಚಣಿಗೆಗಳನ್ನು ತರಲು ಗಡಿಯಾರವನ್ನೇ ಮಾರಿ ಬಂದಿರುತ್ತಾನೆ. (1 ಡಾಲರ್ 87 ಸೆಂಟ್‌ನಲ್ಲಿ 60 ಸೆಂಟ್ ಮಾತ್ರ ಒಂದು ಸೆಂಟ್‌ನ ನಾಣ್ಯಗಳಾದರೆ ಉಳಿದ 127 ಸೆಂಟ್ 5, 10, 25ರ ನಾಣ್ಯಗಳಿಂದ ಹೇಗಾಯಿತು ಎಂದು ಒಬ್ಬ ಹುಡುಗ ಕೇಳಿದ. ಎರಡು ಸೆಂಟ್‌ನ ನಾಣ್ಯವೂ ಅಲ್ಲಿ ಹಿಂದೆ ಇತ್ತು, 1873ರಲ್ಲಿ ನಿಂತಿತು ಎಂದು ಹೇಳಿ ಪಾರಾದೆ. ಗಣಿತದ ಮೇಷ್ಟ್ರಿಗೆ ಇಂಥ ಪ್ರಶ್ನೆ ಬಂದರೆ ಖುಷಿಯೇ.)

ಎರಡನೆಯದರಲ್ಲಿ ಹೃದಯದ ಕಾಯಿಲೆಯಿರುವ ಶ್ರೀಮತಿ ಮ್ಯಾಲರ್ಡ್‌ಗೆ ಗಂಡ ರೈಲು ಅಪಘಾತದಲ್ಲಿ ಸತ್ತ ಸುದ್ದಿ ಬರುತ್ತದೆ. ಆಕೆ ಅಳುತ್ತಾಳೆ. ಆಮೇಲೆ ಕೋಣೆಯಲ್ಲಿ ಒಬ್ಬಳೇ ಕೂತಾಗ, ಇನ್ನು ಬದುಕು ತನ್ನದು ಎಂಬ ಸಂತೋಷ ನಿಧಾನವಾಗಿ ಆವರಿಸುತ್ತದೆ. ಕೆಳಗಿಳಿದು ಬರುವಷ್ಟರಲ್ಲಿ ಗಂಡ ಬಾಗಿಲು ತೆರೆದು ಒಳಗೆ ಬರುತ್ತಾನೆ. ಆಕೆ ಸಾಯುತ್ತಾಳೆ. ಅತಿಯಾದ ಸಂತೋಷದಿಂದ ಎದೆ ಒಡೆಯಿತು ಎನ್ನುತ್ತಾರೆ ವೈದ್ಯರು. ಶೋಪ್ಯಾನ್ ಅವರ ತಂದೆ ತೀರಿಕೊಂಡದ್ದು 1855ರ ರೈಲು ಅಪಘಾತದಲ್ಲಿ.

ಕೋಷ್ಟಕದ ‘ದೇಶಕಾಲ’ದ ಸಾಲಿನಲ್ಲಿ ಮಕ್ಕಳು ಬರೆದದ್ದು ‘ಬಾಡಿಗೆ ಮನೆ’, ‘ಮನೆ’. ತಪ್ಪಲ್ಲ, ಪ್ರಯೋಜನವೂ ಇಲ್ಲ. ಎರಡು ಕಥೆಗಳಲ್ಲೂ ಹೆಂಡತಿ ಕಿಟಕಿಯಿಂದ ಹೊರಗೆ ನೋಡುತ್ತಾಳೆ. ಡೆಲ್ಲಾಗೆ ಕಾಣುವುದು ಬೂದು ಹಿತ್ತಲಿನ ಬೂದು ಬೇಲಿಯ ಮೇಲೆ ನಡೆಯುವ ಬೂದು ಬೆಕ್ಕು. ಅವಳು ತಟ್ಟನೆ ಕಿಟಕಿಯಿಂದ ಕನ್ನಡಿಯತ್ತ ತಿರುಗುತ್ತಾಳೆ. ಅವಳ ಆಸ್ತಿ ಹೊರಗಿಲ್ಲ, ತಲೆಯ ಮೇಲಿದೆ. ಶ್ರೀಮತಿ ಮ್ಯಾಲರ್ಡ್‌ಳ ಕಿಟಕಿ ತೆರೆದಿದೆ. ವಸಂತದ ಮರಗಳು, ಮಳೆಯ ವಾಸನೆ, ಬೀದಿ ವ್ಯಾಪಾರಿಯ ಕೂಗು, ಗುಬ್ಬಚ್ಚಿಗಳು, ಮೋಡಗಳ ನಡುವೆ ನೀಲಿ ತುಣುಕುಗಳು. ಆಕೆ ಕಿಟಕಿ ಬಿಟ್ಟು ಕದಲುವುದಿಲ್ಲ, ಸಂತೋಷ ಅಲ್ಲಿಂದಲೇ ಒಳಗೆ ಬರುತ್ತದೆ. ಇದನ್ನು ಹೇಳಿದ ಮೇಲೆ ‘ದೇಶಕಾಲ ಎಂದರೆ ಊರು ಮತ್ತು ಇಸವಿ’ ಎಂಬ ನನ್ನ ಹಳೆಯ ವ್ಯಾಖ್ಯಾನವನ್ನು ಹಲಗೆಯಿಂದ ಅಳಿಸಿದೆ.

ಹೆಸರುಗಳನ್ನೂ ನೋಡಿ. ಡೆಲ್ಲಾ ಮೊದಲಿನಿಂದ ನಮಗೆ ಡೆಲ್ಲಾ. ಗಂಡನ ಹೆಸರು ಹೊತ್ತ ಫಲಕ ಕೆಳಗೆ ಬಾಗಿಲಲ್ಲಿ, ಸ್ವಲ್ಪ ಹಾಸ್ಯಕ್ಕೆ ಇದೆ. ಇನ್ನೊಬ್ಬಾಕೆ ಕಥೆಯ ಬಹುಭಾಗ ಬರೀ ಶ್ರೀಮತಿ ಮ್ಯಾಲರ್ಡ್. ಅವಳ ಹೆಸರು ಲೂಯಿಸ್ ಎಂದು ಗೊತ್ತಾಗುವುದು, ಅವಳಿಗೆ ಬಿಡುಗಡೆ ಸಿಕ್ಕಿದೆ ಎನಿಸಿದ ಮೇಲೆ, ತಂಗಿ ಮುಚ್ಚಿದ ಬಾಗಿಲಾಚೆಯಿಂದ ಕರೆದಾಗ. ಪಾತ್ರಚಿತ್ರಣವನ್ನು ‘ಒಳ್ಳೆಯವಳು, ತ್ಯಾಗಿ’ ಎಂಬ ವಿಶೇಷಣಗಳಲ್ಲಿ ಹುಡುಕುತ್ತಿದ್ದ ನಾನು ಇದನ್ನು ಮೂರನೇ ಓದಿನಲ್ಲಷ್ಟೇ ಗಮನಿಸಿದ್ದು.

ನಿರೂಪಣೆ ಎರಡರಲ್ಲೂ ಪ್ರಥಮ ಪುರುಷ. ಓ. ಹೆನ್ರಿಯ ನಿರೂಪಕ ಮಾತುಗಾರ. ನಡುವೆ ಬಂದು ಓದುಗರಿಗೆ ಉಪದೇಶಿಸಿ, ಕೊನೆಗೆ ಅರ್ಥವನ್ನೂ ತಾನೇ ಹೇಳಿಬಿಡುತ್ತಾನೆ. ನನಗೆ ಅದು ಸ್ವಲ್ಪ ಹೆಚ್ಚಾಯಿತು. ಶೋಪ್ಯಾನ್ ವೈದ್ಯರ ಮಾತನ್ನು ಹೇಳಿ ಸುಮ್ಮನಾಗುತ್ತಾರೆ.

ಇನ್ನು ವ್ಯಂಗ್ಯ. ಎರಡನೇ ಪಾಠದಲ್ಲಿ ‘ಯಾರಿಗೆ, ಯಾವಾಗ, ಏನು ಗೊತ್ತು?’ ಎಂಬ ಹೊಸ ಕೋಷ್ಟಕ ಮಾಡಿಸಿದೆ. ಡೆಲ್ಲಾಗೆ ಅರ್ಧ ಗೊತ್ತು, ಜಿಮ್‌ಗೆ ಇನ್ನರ್ಧ, ಓದುಗರಿಗೆ ಡೆಲ್ಲಾಳ ಅರ್ಧ ಮಾತ್ರ. ಜಿಮ್ ಬಾಗಿಲು ದಾಟಿ ಬಂದ ಮೇಲೆ ಸ್ವಲ್ಪ ಹೊತ್ತಿನಲ್ಲೇ ಮೂವರಿಗೂ ಎಲ್ಲ ಗೊತ್ತಾಗುತ್ತದೆ. ಕೋಷ್ಟಕದಲ್ಲಿ ಖಾಲಿ ಮನೆ ಉಳಿಯುವುದಿಲ್ಲ. ಇದು ಸನ್ನಿವೇಶದ ವ್ಯಂಗ್ಯ. ಇನ್ನೊಂದು ಕಥೆಯಲ್ಲೂ ಗಂಡ ಬಾಗಿಲು ದಾಟಿ ಬರುತ್ತಾನೆ. ಅವನು ಬದುಕಿದ್ದಾನೆಂಬುದು ಎಲ್ಲರಿಗೂ ತಿಳಿಯುತ್ತದೆ, ಸನ್ನಿವೇಶದ ವ್ಯಂಗ್ಯ ಇಲ್ಲೂ ಉಂಟು. ಆದರೆ ಲೂಯಿಸ್ ಯಾವ ಸಂತೋಷ ಕಳೆದುಕೊಂಡಳು ಎಂಬುದು ಗಂಡ, ತಂಗಿ, ವೈದ್ಯರು ಯಾರಿಗೂ ತಿಳಿಯುವುದಿಲ್ಲ. ಅವರ ಮನೆಗಳು ಖಾಲಿಯಾಗಿಯೇ ಉಳಿಯುತ್ತವೆ, ತುಂಬಿರುವುದು ಓದುಗರದು ಮಾತ್ರ. ಇದು ನಾಟಕೀಯ ವ್ಯಂಗ್ಯ. ಹುಡುಗರು ಪೆನ್ಸಿಲ್ ಹಿಡಿದು ಆ ಖಾಲಿ ಮನೆಗಳನ್ನು ನೋಡುತ್ತ ಕೂತಿದ್ದರು.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: “ಸರ್, ಗಂಡ ಸತ್ತಾಗ ಖುಷಿಪಟ್ಟಳಲ್ಲ, ಅವಳು ಕೆಟ್ಟವಳಾ?” ಪಾಠಯೋಜನೆಯಲ್ಲಿ ಇದಕ್ಕೆ ಜಾಗವಿರಲಿಲ್ಲ. ಹೌದು, ಅಲ್ಲ ಎನ್ನದೆ ಎರಡು ಕಡೆ ಮತ್ತೆ ಓದಿಸಿದೆ: ಅವನ ಪ್ರೀತಿಯ ಕೈಗಳನ್ನು ಕಂಡಾಗ ತಾನು ಮತ್ತೆ ಅಳುತ್ತೇನೆಂದು ಆಕೆಗೆ ಗೊತ್ತಿರುವ ಭಾಗ, ಮತ್ತು ಒಬ್ಬರ ಇಚ್ಛೆಯನ್ನು ಇನ್ನೊಬ್ಬರ ಮೇಲೆ ಹೇರುವುದು, ಒಳ್ಳೆಯ ಉದ್ದೇಶದಿಂದಲೇ ಆದರೂ, ಅಪರಾಧವೇ ಎಂದು ಅವಳಿಗೆ ಅನಿಸುವ ಭಾಗ. ಹುಡುಗಿ ಓದಿ, “ಹಾಗಾದ್ರೆ ಅವನೂ ಕೆಟ್ಟವನಲ್ಲ” ಅಂದಳು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಮುಂದಿನ ಸಲ ಓ. ಹೆನ್ರಿಗೆ ಅರ್ಧ ಅವಧಿ ಸಾಕು. ಶೋಪ್ಯಾನ್‌ಗೆ ಒಂದೂವರೆ ಇಟ್ಟುಕೊಳ್ಳುತ್ತೇನೆ.