ಆಟದೊಳಗಿನ ಟಂಕಸಾಲೆ: ಹಣ ಹುಟ್ಟಿಸುವುದು ಸುಲಭ, ಅಳಿಸುವುದು ಕಷ್ಟ

ಹಣದುಬ್ಬರ ಎಂದೊಡನೆ ನೆನಪಾಗುವುದು ರಿಸರ್ವ್ ಬ್ಯಾಂಕ್, ಬಡ್ಡಿ ದರ ಮತ್ತು ತರಕಾರಿ ಬೆಲೆ. ಆದರೆ ಸಹಸ್ರಾರು ಮಂದಿ ಏಕಕಾಲಕ್ಕೆ ಅಂತರ್ಜಾಲದಲ್ಲಿ ಆಡುವ ಆಟಗಳನ್ನೂ ಇದೇ ಪಿಡುಗು ಕಾಡುತ್ತದೆ. ಅಲ್ಲಿನ ನಾಣ್ಯ ಕಾಲ್ಪನಿಕ. ಅದನ್ನು ಗಳಿಸಲು ಆಟಗಾರ ವ್ಯಯಿಸಿದ ತಿಂಗಳುಗಟ್ಟಲೆ ಸಮಯ ಕಾಲ್ಪನಿಕವಲ್ಲ. ನಾಣ್ಯದ ಬೆಲೆ ಕುಸಿದರೆ ಕರಗಿಹೋಗುವುದು ಆತನ ಶ್ರಮ.

ನಲ್ಲಿ ಮತ್ತು ಬಚ್ಚಲು: ಆಟಗಾರನೊಬ್ಬ ರಾಕ್ಷಸನನ್ನು ಕೊಂದರೆ ಶೂನ್ಯದಿಂದ ಹೊಸ ನಾಣ್ಯ ಹುಟ್ಟಿ ಅವನ ಚೀಲ ಸೇರುತ್ತದೆ. ಅಂದರೆ ಪ್ರತಿಯೊಬ್ಬನ ಕೈಯಲ್ಲೂ ಒಂದು ಟಂಕಸಾಲೆ ಇದ್ದಂತೆ. ಆಟಗಾರರು ಪರಸ್ಪರ ವ್ಯಾಪಾರ ಮಾಡಿದಾಗ ಈ ಹಣ ಕೈಯಿಂದ ಕೈಗೆ ಹೋಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಅದನ್ನು ಅಳಿಸಲೆಂದೇ ದುರಸ್ತಿ ವೆಚ್ಚ, ಮಾರುಕಟ್ಟೆ ಶುಲ್ಕ, ತೆರಿಗೆಗಳನ್ನು ವಿಧಿಸಲಾಗುತ್ತದೆ. ಸರ್ಕಾರ ಸಂಗ್ರಹಿಸಿದ ತೆರಿಗೆ ವೆಚ್ಚದ ರೂಪದಲ್ಲಿ ಜನರಿಗೆ ಮರಳುತ್ತದೆ. ಆಟದ ತೆರಿಗೆ ಶಾಶ್ವತವಾಗಿ ಮಾಯವಾಗುತ್ತದೆ. ಹಣ ಹುಟ್ಟುವ ಮಾರ್ಗವನ್ನು ವಿನ್ಯಾಸಕಾರರು ನಲ್ಲಿಗೂ, ಅಳಿಯುವ ಮಾರ್ಗವನ್ನು ಬಚ್ಚಲಿಗೂ ಹೋಲಿಸುತ್ತಾರೆ. ನಲ್ಲಿಯ ಹರಿವು ಹೆಚ್ಚಾದರೆ ಬೆಲೆಗಳು ಏರುತ್ತವೆ, ಹೊಸ ಆಟಗಾರನಿಗೆ ಸಾಮಾನ್ಯ ಕತ್ತಿಯೂ ಎಟುಕದಂತಾಗುತ್ತದೆ.

ನಲ್ಲಿಯನ್ನೇ ಬಿಗಿಗೊಳಿಸಿದರೆ ಸಾಲದೇ? 1997ರಲ್ಲಿ ಬಂದ ಅಲ್ಟಿಮಾ ಆನ್‌ಲೈನ್ ಆಟ ಅದನ್ನೇ ಪ್ರಯತ್ನಿಸಿತು. ಜಗತ್ತಿನ ಒಟ್ಟು ಸಂಪನ್ಮೂಲಕ್ಕೆ ಮಿತಿ ಹಾಕಿ, ಬಳಸಿದ್ದು ಮಾತ್ರ ಮರುಹುಟ್ಟು ಪಡೆಯುವಂತೆ ರೂಪಿಸಲಾಗಿತ್ತು. ಆಟಗಾರರು ಬಳಸುವ ಬದಲು ಕೂಡಿಡಲಾರಂಭಿಸಿದರು. ಕೊರತೆ ತಲೆದೋರಿತು, ವ್ಯವಸ್ಥೆಯನ್ನು ಕೈಬಿಡಬೇಕಾಯಿತು.

ನಾಶವೇ ಆಧಾರ: ಐಸ್‌ಲ್ಯಾಂಡಿನ ಸಿಸಿಪಿ ಸಂಸ್ಥೆ 2003ರಲ್ಲಿ ಹೊರತಂದ ಈವ್ ಆನ್‌ಲೈನ್ ಬೇರೆ ಹಾದಿ ಹಿಡಿಯಿತು. ಇಲ್ಲಿನ ಬಹುಪಾಲು ಬಾಹ್ಯಾಕಾಶ ನೌಕೆಗಳನ್ನು ಆಟಗಾರರೇ ಅದಿರು ಅಗೆದು ನಿರ್ಮಿಸುತ್ತಾರೆ. ಯುದ್ಧದಲ್ಲಿ ಸ್ಫೋಟಿಸಿದ ನೌಕೆ ಮರಳಿ ಬಾರದು. ಆದ್ದರಿಂದ ಗಣಿಗಾರನಿಗೂ ಕುಶಲಕರ್ಮಿಗೂ ಸದಾ ಕೆಲಸವಿರುತ್ತದೆ. 2014ರ ಜನವರಿಯ ಒಂದೇ ಕದನದಲ್ಲಿ ಸುಟ್ಟುಹೋದ ನೌಕೆಗಳ ಮೌಲ್ಯವನ್ನು ಸಂಸ್ಥೆ 3 ಲಕ್ಷ ಡಾಲರಿಗೂ ಅಧಿಕವೆಂದು ಅಂದಾಜಿಸಿತು. ಈ ಆರ್ಥಿಕತೆಯ ಮೇಲೆ ಕಣ್ಣಿಡಲು 2007ರಲ್ಲೇ ಸಂಸ್ಥೆಯು ಏಯೋಲ್ಫರ್ ಗುಡ್ಮಂಡ್ಸನ್ ಎಂಬ ಅರ್ಥಶಾಸ್ತ್ರಜ್ಞರನ್ನು ನೇಮಿಸಿಕೊಂಡಿತು.

ನೈಜ ಹಣಕ್ಕೂ ಅಲ್ಲಿ ಪ್ರವೇಶವಿದೆ, ಆದರೆ ಹಿತ್ತಿಲ ಬಾಗಿಲಿನಿಂದಲ್ಲ. 2008ರಲ್ಲಿ ಪ್ಲೆಕ್ಸ್ ಎಂಬ ಆಟದ ಚಂದಾ ಪರವಾನಗಿ ಜಾರಿಗೆ ಬಂತು. ದುಡ್ಡಿದ್ದವನು ಅದನ್ನು ಡಾಲರ್ ತೆತ್ತು ಕೊಂಡು, ಸಮಯವಿದ್ದವನಿಗೆ ಆಟದ ನಾಣ್ಯಕ್ಕೆ ಮಾರುತ್ತಾನೆ. ಕೊಂಡವನ ಚಂದಾ ಉಳಿಯುತ್ತದೆ. ಇರುವ ನಾಣ್ಯವೇ ಕೈ ದಾಟುವುದರಿಂದ ಹೊಸ ಹಣ ಸೃಷ್ಟಿಯಾಗುವುದಿಲ್ಲ.

ಸಂತೆಯಾದ ಸಮರಭೂಮಿ: ಅಮೆರಿಕದ ಬ್ಲಿಝಾರ್ಡ್ ಸಂಸ್ಥೆಯ ಡಯಾಬ್ಲೊ 3 ಇದಕ್ಕೆ ವ್ಯತಿರಿಕ್ತ ಪಾಠ. 2012ರಲ್ಲಿ ಬಿಡುಗಡೆಯಾದ ಈ ಆಟದಲ್ಲಿ ಆಯುಧಗಳನ್ನು ನೈಜ ಹಣಕ್ಕೂ ಹರಾಜು ಹಾಕಬಹುದಿತ್ತು. ಕಳ್ಳಸಂತೆಯನ್ನು ತಡೆಯುವುದು ಉದ್ದೇಶವಾಗಿತ್ತು. ಆದರೆ ಯುದ್ಧದಲ್ಲಿ ಸತ್ತರೂ ಇಲ್ಲಿ ಆಯುಧ ಕೈಬಿಡುವುದಿಲ್ಲ. ಉತ್ತಮ ಸಾಮಗ್ರಿ ಹರಾಜುಕಟ್ಟೆಯಲ್ಲಿ ರಾಶಿಬಿತ್ತು. ರಾಕ್ಷಸನೊಡನೆ ಕಾದಾಡುವುದಕ್ಕಿಂತ ಕೊಳ್ಳುವುದೇ ಲೇಸೆನಿಸಿತು. 2013ರ ಮೇ ತಿಂಗಳಲ್ಲಿ ತಂತ್ರಾಂಶ ದೋಷವೊಂದನ್ನು ಬಳಸಿ ಕೆಲವರು ಚಿನ್ನವನ್ನು ಅಕ್ರಮವಾಗಿ ದ್ವಿಗುಣಗೊಳಿಸಿದರು. ಹರಾಜನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಆಟದ ಮೂಲ ಆನಂದಕ್ಕೇ ಹರಾಜು ಧಕ್ಕೆ ತಂದಿತೆಂದು ಒಪ್ಪಿಕೊಂಡ ಸಂಸ್ಥೆ 2014ರ ಮಾರ್ಚ್ 18ರಂದು ಅದನ್ನು ಮುಚ್ಚಿತು.

ಗಮನಾರ್ಹವೆಂದರೆ, ಎರಡೂ ಆಟಗಳು ನೈಜ ಹಣವನ್ನು ಒಳಬಿಟ್ಟಿದ್ದವು. ಒಂದು ಉಳಿಯಿತು, ಇನ್ನೊಂದರ ಮಾರುಕಟ್ಟೆ ಅಳಿಯಿತು. ಈವ್‌ನಲ್ಲಿ ವ್ಯಾಪಾರವೂ ಆಟದ ಭಾಗ, ಕೊಂಡದ್ದನ್ನು ಕಳೆದುಕೊಳ್ಳುವ ಭಯವೂ ಆಟದ ಭಾಗ. ಡಯಾಬ್ಲೊದಲ್ಲಿ ಖರೀದಿಯೇ ಆಟಕ್ಕೆ ಅಡ್ಡದಾರಿಯಾಯಿತು. ನಾಣ್ಯಕ್ಕೆ ಬೆಲೆ ಕಟ್ಟುವ ಮುನ್ನ ವಿನ್ಯಾಸಕಾರ ಆಟಗಾರನ ಬೆವರಿಗೆ ಬೆಲೆ ಕಟ್ಟಬೇಕೆಂಬುದೇ ಇದರ ಸಾರ.